ಮಗಳು ಬಂದ ಸಂತೋಷದಲ್ಲಿ, ಮೊದಲು ಭಾವನಿಗೆ

ನಮಗೆ ಮಗಳು ಹುಟ್ಟಿದ ಸುದ್ದಿ ತಿಳಿದು ಹರಸಿದ ಎಲ್ಲರಿಗೂ ನಾನೂ ನನ್ನ ಹೆಂಡತಿಯೂ ವಂದಿಸುತ್ತೇವೆ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದದ್ದು, ಬೆನ್ನಿನ ಆಪರೇಷನ್ನು, ಗಾಲಿಕುರ್ಚಿ ಎಲ್ಲವೂ ನಿಮಗೆ ತಿಳಿದದ್ದೇ. ಆದರೆ ನೋಡಲು ಬಂದವರೆಲ್ಲ ನಡೆಯುವುದು ಯಾವಾಗ ಎಂದು ಕೇಳಿದರೇ ಹೊರತು ಮೂತ್ರದ ವಿಷಯವನ್ನಾಗಲಿ ದಾಂಪತ್ಯದ ವಿಷಯವನ್ನಾಗಲಿ ಯಾರೂ ಎತ್ತಲಿಲ್ಲ. ಆದ್ದರಿಂದ ಅವೆರಡನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೃತಜ್ಞತೆ ಅಕ್ಕನ ಗಂಡನಿಗೆ. ಆಸ್ಪತ್ರೆಯಿಂದ ಮನೆಗೆ ಬಂದ ಹೊಸತು, ಮೂತ್ರ ಇಳಿಸುವ ಕೊಳವೆ, ಅಂದರೆ ಕ್ಯಾಥೆಟರ್, ಇನ್ನೂ ತೆಗೆದಿರಲಿಲ್ಲ. ಮಳೆ ಹಿಡಿದ ಒಂದು ರಾತ್ರಿ ತಲೆ ಸಿಡಿಯುವಂತೆ ನೋಯತೊಡಗಿ, ಮುಖ ಕೆಂಪೇರಿ, ಹಣೆಯಿಂದ ಬೆವರು ಇಳಿಯಿತು. ಮನೆಯವರು ತಲೆನೋವಿನ ಮಾತ್ರೆ ಹುಡುಕುತ್ತಿದ್ದಾಗ ಭಾವ ನನ್ನನ್ನು ಎತ್ತಿ ನೆಟ್ಟಗೆ ಕೂರಿಸಿ, ಪಂಚೆ ಸಡಿಲಿಸಿ, ಟಾರ್ಚ್ ಹಿಡಿದು ಯೂರಿನ್ ಬ್ಯಾಗಿನಿಂದ ಮೇಲಕ್ಕೆ ಟ್ಯೂಬನ್ನು ಬೆರಳಿನಿಂದ ಸವರುತ್ತಾ ಬಂದರು. ತೊಡೆಯ ಕೆಳಗೆ ಅದು ಮಡಚಿಕೊಂಡಿತ್ತು. ಬಿಡಿಸಿದೊಡನೆ ಬ್ಯಾಗು ತುಂಬತೊಡಗಿತು, ಸ್ವಲ್ಪ ಹೊತ್ತಿಗೆ ನನ್ನ ತಲೆಯೂ ಹಗುರಾಯಿತು. ಎದೆಭಾಗದ 6ನೆಯ ನರಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರಕೋಶ ಉಬ್ಬಿದರೆ ಬಿ.ಪಿ. ಒಮ್ಮೆಲೇ ಏರಬಹುದು, ತಡವಾದರೆ ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು ಎಂದು ಡಿಸ್ಚಾರ್ಜಿನ ದಿನ ನರ್ಸ್ ಹೇಳಿದ್ದನ್ನು ಅವರೊಬ್ಬರೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿಟ್ಟುಕೊಂಡಿದ್ದರು. "ನೀ ಮಲಗು ಮಾರಾಯ, ನಾನು ನೋಡ್ಕೋತೀನಿ" ಎಂದವರು ಬೆಳಕು ಹರಿಯುವವರೆಗೂ ಮಂಚದ ಪಕ್ಕದಿಂದ ಏಳಲಿಲ್ಲ.

ಆ ದಿನಗಳಲ್ಲಿ ಹೆಂಡತಿಗೆ, ತವರಿಗೆ ಹೋಗಿಬಿಡು, ನನ್ನಿಂದ ನಿನಗಿನ್ನು ಏನೂ ಇಲ್ಲ ಎಂದು ಹೇಳಿದ್ದೆ. ಅವಳು ಉತ್ತರ ಕೊಡದೆ ಯೂರಿನ್ ಬ್ಯಾಗು ಖಾಲಿ ಮಾಡಲು ಹೋದಳು. ಇದರ ಬಗ್ಗೆ ಹೆಚ್ಚು ಬರೆಯಲಾರೆ.

ಮುಂದೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋದೆವು. ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಮೇರಿ ವರ್ಗೀಸ್ ಅವರ ಶ್ರಮದಿಂದ ಬೆಳೆದ ಪುನರ್ವಸತಿ ವಿಭಾಗ ಅಲ್ಲಿನದು. ಸಾಬೂನಿನಿಂದ ಕೈ ತೊಳೆದು, 4ರಿಂದ 6 ಗಂಟೆಗೊಮ್ಮೆ ನಾನೇ ಕೊಳವೆ ಹಾಕಿ ಮೂತ್ರ ತೆಗೆಯುವುದನ್ನು, ಒಂದು ಸಲಕ್ಕೆ 500 ಮಿಲಿಲೀಟರ್ ದಾಟದಂತೆ ನೀರಿನ ಲೆಕ್ಕ ಇಡುವುದನ್ನು ನರ್ಸ್‌ಗಳು ಕಲಿಸಿದರು. ಬ್ಯಾಗು ಕಳಚಿದ ಮೇಲೆ ಮದುವೆಮನೆಗಳಿಗೂ ಹೋಗತೊಡಗಿದೆ.

ದಾಂಪತ್ಯದ ಮಾತನ್ನು ಎತ್ತಿದವರು ಒಬ್ಬ ವೈದ್ಯೆ. ಅದೂ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಊಟ ಆಯಿತೇ ಎಂದು ಕೇಳುವಷ್ಟೇ ಸಹಜವಾಗಿ. ನಿಮಿರುವಿಕೆಗೆ ಮಾತ್ರೆಯಿದೆ, ಸ್ಪರ್ಶಸುಖ ಇರುವ ಜಾಗಗಳನ್ನು ಇಬ್ಬರೂ ಹೊಸದಾಗಿ ಹುಡುಕಿಕೊಳ್ಳಬಹುದು, ಬೆನ್ನುಹುರಿಯ ಕೆಳಭಾಗ ಕೆಡದೆ ಉಳಿದಿದ್ದರೆ ಕಂಪಿಸುವ ಉಪಕರಣದಿಂದ ವೀರ್ಯವನ್ನೂ ಪಡೆಯಬಹುದು ಎಂದು ಅವರು ಬಿಡಿಸಿ ಹೇಳಿದರು. ಆ ರಾತ್ರಿಯಂತೆ ಇದರಲ್ಲೂ ಬಿ.ಪಿ. ಏರುವ ಭಯವಿದ್ದುದರಿಂದ ಮೊದಲ ಪ್ರಯತ್ನ ಆಸ್ಪತ್ರೆಯಲ್ಲೇ, ತೋಳಿಗೆ ಬಿ.ಪಿ. ಪಟ್ಟಿ ಸುತ್ತಿಕೊಂಡೇ ನಡೆಯಿತು. ವೀರ್ಯಾಣುಗಳ ಚಲನೆ ಕಡಿಮೆಯಿದ್ದುದರಿಂದ ಅವನ್ನು ಶುದ್ಧಗೊಳಿಸಿ ಗರ್ಭಕೋಶಕ್ಕೆ ಸೇರಿಸಿದರು.

ಫಿಸಿಯೋಥೆರಪಿಯವರು, ಹಣ ಹೊಂದಿಸಿದ ಗೆಳೆಯರು, ಕೊಯ್ಲು ಮುಗಿಸಿಕೊಟ್ಟ ನೆರೆಮನೆಯವರು, ಎಲ್ಲರಿಗೂ ಋಣಿ. ಇದೆಲ್ಲವನ್ನೂ ಬರೆಯಲು ಹೆಂಡತಿ ಒಪ್ಪಿದ್ದಾಳೆ. ತನ್ನ ಹೆಸರು ಹಾಕಕೂಡದೆಂದು ಭಾವ ಕಟ್ಟಪ್ಪಣೆ ಮಾಡಿದ್ದರಿಂದ ಹಾಕಿಲ್ಲ. ನಾಮಕರಣಕ್ಕೆ ಬಂದರೆ ನೀವೇ ಗುರುತಿಸುವಿರಿ, ಮಗು ಬಹುತೇಕ ಅವರ ತೋಳಿನಲ್ಲೇ ಇರುತ್ತದೆ.