ಸಾಕ್ಷಿ ಹೇಳಿದ ಮೇಲೂ ಉಳಿದ ಬಾಕಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಕ್ರೈಸ್ತರ ತಪಸ್ಸುಕಾಲದ ಬಗ್ಗೆ ಪ್ರಕಟವಾದ ಬರಹವನ್ನು ಓದಿದೆ. ಪಶ್ಚಾತ್ತಾಪಪಟ್ಟವನ ಹಿಂದಿನ ಬದುಕನ್ನು ದೇವರು ಮನ್ನಿಸಿಬಿಡುತ್ತಾನೆ, ಆದ್ದರಿಂದ ಅವನು ಅದರತ್ತ ಮತ್ತೆ ತಿರುಗಿ ನೋಡಬೇಕಾಗಿಲ್ಲ ಎಂಬುದು ಆ ಬರಹದ ಸಾರ. ಮೊದಲ ಮಾತನ್ನು ನಾನೂ ನಂಬುತ್ತೇನೆ. ಎರಡನೆಯದರ ಬಗ್ಗೆ ನನಗೆ ತಕರಾರಿದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಒಂದೇ ಕ್ರೈಸ್ತ ಸಭೆಯ ಸದಸ್ಯನಾಗಿದ್ದು, ಕೆಲವು ಕಾಲ ಸಭಾ ಹಿರಿಯನಾಗಿಯೂ ಇದ್ದವನಾದ್ದರಿಂದ, ಈ ಮಾತು ಬೋಧನಾಪೀಠದಿಂದ ಇಳಿದು ಜನರ ನಡುವೆ ಬಂದಾಗ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಒಂದು ಸಂಜೆ ನಮ್ಮ ಸಭೆಯಲ್ಲಿ ಮಧ್ಯವಯಸ್ಸಿನ ಒಬ್ಬರು ಎದ್ದು ನಿಂತು ಸಾಕ್ಷಿ ಹೇಳಿದರು, ಅಂದರೆ ತಮ್ಮ ಬದುಕು ಬದಲಾದ ಬಗೆಯನ್ನು ಎಲ್ಲರ ಮುಂದೆ ಹೇಳಿಕೊಂಡರು. ಹಿಂದೆ ಚೀಟಿ ನಡೆಸುತ್ತಿದ್ದುದು, ಕುಡಿತಕ್ಕೆ ಬಿದ್ದುದು, ಕಟ್ಟಿದವರ ಹಣವೆಲ್ಲ ಕರಗಿ ಊರು ಬಿಟ್ಟುದು, ಕೊನೆಗೆ ಒಂದು ರಾತ್ರಿ ಮೊಣಕಾಲೂರಿ ಅತ್ತುದು, ಇವೆಲ್ಲವನ್ನೂ ಮನ ಕರಗುವಂತೆ ಹೇಳಿದರು. ಅವರ ಕಣ್ಣೀರು ಸುಳ್ಳೆಂದು ನಾನು ಅಂದೂ ಎಣಿಸಲಿಲ್ಲ, ಇಂದೂ ಎಣಿಸುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸೊಬ್ಬರು ಕುಳಿತಿದ್ದರು. ಕರಗಿಹೋದ ಆ ಹಣದಲ್ಲಿ ಅವರ ಹದಿನೆಂಟು ಸಾವಿರ ರೂಪಾಯಿಯೂ ಇತ್ತು. ಅವರೂ ಚಪ್ಪಾಳೆ ತಟ್ಟಿದರು. ಕೆಲವು ದಿನಗಳ ಬಳಿಕ ನಾನು ಆ ಸಹೋದರರನ್ನು ಕಂಡು ಮೆಲ್ಲನೆ ವಿಷಯ ಎತ್ತಿದಾಗ, "ಸರ್, ಅದೆಲ್ಲ ನನ್ನ ಹಳೆಯ ಬದುಕು. ಕ್ರಿಸ್ತನಲ್ಲಿ ನಾನು ಹೊಸಬ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಈ ಪತ್ರವನ್ನು ತಡವಾಗಿ ಬಂದ ಆ ಉತ್ತರವೆಂದು ತಿಳಿದರೂ ಸರಿಯೇ.

ಅವರು ಆಧರಿಸಿದ್ದು ಆದಿ ಕ್ರೈಸ್ತ ಬೋಧಕ ಪೌಲನು ಕೊರಿಂಥದ ಕ್ರೈಸ್ತರಿಗೆ ಬರೆದ ಎರಡನೆಯ ಪತ್ರದ ಮಾತನ್ನು: ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿ, ಹಳೆಯದು ಹೋಯಿತು. ಆದರೆ ಎಫೆಸದವರಿಗೆ ಬರೆದ ಪತ್ರದಲ್ಲಿ ಪೂರ್ವಸ್ವಭಾವವನ್ನು ತೆಗೆದುಹಾಕಬೇಕೆಂಬ ಬುದ್ಧಿವಾದದ ಬೆನ್ನಿಗೇ, ಕಳವು ಮಾಡುತ್ತಿದ್ದವನು ಇನ್ನು ಕಳವು ಮಾಡದೆ ಕೈಯಾರೆ ದುಡಿದು ಕೊರತೆಯಲ್ಲಿರುವವರಿಗೆ ಕೊಡಲಿ ಎಂಬ ಮಾತೂ ಇದೆ. ಕಳವು ನಿಲ್ಲಿಸಿದರೆ ಸಾಕೆಂದು ಅಲ್ಲಿ ಹೇಳಿಲ್ಲ. ಕಸಿಯುತ್ತಿದ್ದ ಕೈ ಕೊಡುವ ಕೈಯಾಗಬೇಕು ಎಂದಿದೆ.

ನಮ್ಮ ಮಾತಿನಲ್ಲೇ ಈ ಗೊಂದಲದ ಬೇರು ಸ್ವಲ್ಪ ಇರಬಹುದು. ಪಶ್ಚಾತ್ತಾಪ ಎಂದರೆ ಆಮೇಲೆ ಹುಟ್ಟುವ ತಾಪ, ಒಳಗಿನ ಬೇಗುದಿ. ಆದರೆ ಇಬ್ರಿಯ ಪ್ರವಾದಿಗಳು ಜನರನ್ನು ಎಚ್ಚರಿಸುವಾಗ ಬಳಸಿದ ಕ್ರಿಯಾಪದಕ್ಕೆ ಮರಳಿ ಬರುವುದು ಎಂಬ ಅರ್ಥವಿದೆ. ಹೊಸ ಒಡಂಬಡಿಕೆಯ ಗ್ರೀಕ್ ಪದ ಮೆಟನೋಯಾ ಸೂಚಿಸುವುದು ಮನಸ್ಸೇ ಬದಲಾಗುವುದನ್ನು. ಯೇಸುವಿಗೆ ಮುಂಚೆ ಬೋಧಿಸಿದ ಸ್ನಾನಿಕ ಯೋಹಾನನ ಕರೆಯನ್ನು ಕನ್ನಡಕ್ಕೆ ತಂದ ಹಳೆಯ ಅನುವಾದಕರು "ದೇವರ ಕಡೆಗೆ ತಿರುಗಿಕೊಳ್ಳಿರಿ" ಎಂದು ಬರೆದಾಗ ಎಷ್ಟು ಚೆನ್ನಾಗಿ ಯೋಚಿಸಿದ್ದರು! ತಾಪ ಒಳಗೇ ಉರಿದು ಒಳಗೇ ಆರಬಹುದು, ತಿರುಗಿಕೊಂಡವನು ಮಾತ್ರ ಕಾಲೆತ್ತಿ ಇಡಲೇಬೇಕು. ಆ ಯೋಹಾನನ ಬಳಿ ಸುಂಕದವರು ಬಂದು ನಾವೇನು ಮಾಡಬೇಕೆಂದು ಕೇಳಿದಾಗ ಅವನು ಅಳಿರಿ ಎನ್ನಲಿಲ್ಲ, ಕೆಲಸ ಬಿಡಿರಿ ಎಂದೂ ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿರಿ ಎಂದ.

ಯೆರಿಕೋವಿನ ಸುಂಕದ ಅಧಿಕಾರಿ ಜಕ್ಕಾಯನ ಕಥೆ ಕ್ರೈಸ್ತರ ಮಕ್ಕಳಿಗೆಲ್ಲ ಗೊತ್ತು. ಸಂಡೇ ಸ್ಕೂಲಿನಲ್ಲಿ ಯೇಸುವನ್ನು ನೋಡಲು ಕುಳ್ಳನು ಮರ ಹತ್ತಿದ ಭಾಗವನ್ನೇ ನಾವು ರಂಗುರಂಗಾಗಿ ಹೇಳುತ್ತೇವೆ, ಲೆಕ್ಕದ ಭಾಗಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಯೇಸು ಅವನನ್ನು ಗದರಿಸಲಿಲ್ಲ, ನಿನ್ನ ಮನೆಗೆ ಬರುತ್ತೇನೆ ಎಂದಷ್ಟೇ ಹೇಳಿದ. ಯಾರೂ ಕೇಳದೆಯೇ ಜಕ್ಕಾಯನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದು ಏನಾದರೂ ಇದ್ದರೆ ನಾಲ್ಕರಷ್ಟು ವಾಪಸು ಎಂದ. ಈ ಮನೆಗೆ ಈ ದಿನ ರಕ್ಷಣೆಯಾಯಿತು ಎಂಬ ಮಾತು ಯೇಸುವಿನ ಬಾಯಿಂದ ಬಂದದ್ದು ಅದಾದ ಮೇಲೆ. ಮೋಶೆಯ ಧರ್ಮಶಾಸ್ತ್ರದಲ್ಲಿ, ತಪ್ಪನ್ನು ತಾನಾಗಿ ಒಪ್ಪಿಕೊಂಡವನು ಅಸಲಿನೊಂದಿಗೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕಿತ್ತು. ಕದ್ದ ಕುರಿಯನ್ನು ಕೊಂದವನೋ ಮಾರಿದವನೋ ಕೊಡಬೇಕಾದ ನಾಲ್ಕರಷ್ಟನ್ನು ಜಕ್ಕಾಯ ತಾನೇ ತನ್ನ ಮೇಲೆ ಹಾಕಿಕೊಂಡ.

ಇದನ್ನು ಹೇಳಿದರೆ, ಹಾಗಾದರೆ ಕ್ಷಮೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕೇ, ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದು ಸಾಯುವ ಮುನ್ನ ಕ್ಷಮೆ ಪಡೆದ ಕಳ್ಳನು ಯಾರಿಗೆ ಏನು ಹಿಂದಿರುಗಿಸಿದ ಎಂದು ಕೇಳುವವರಿದ್ದಾರೆ. ಕ್ಷಮೆ ಕ್ರಯಕ್ಕೆ ಸಿಗುವಂಥದ್ದಲ್ಲ, ನಿಜ. ಆದರೆ ಆ ಕಳ್ಳನಿಗೆ ಕೈಯೂ ಆಡುತ್ತಿರಲಿಲ್ಲ, ಹೊತ್ತೂ ಇರಲಿಲ್ಲ. ಅವನಿಗೆ ಸಿಕ್ಕ ವಿನಾಯಿತಿಯನ್ನು ಅಂಗಡಿ ತೆರೆದು ವ್ಯಾಪಾರ ಮಾಡುತ್ತಿರುವವರು ಕೇಳುವುದು ನ್ಯಾಯವಲ್ಲ. ಹಣ ವಾಪಸು ಮಾಡಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದೂ ನಾನು ವಾದಿಸುತ್ತಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನೂ ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಕೊಟ್ಟ. ಆದರೆ ಕೊಟ್ಟದ್ದು ತನಗೆ ಲಂಚ ಕೊಟ್ಟ ಯಾಜಕರಿಗೆ. ಯೇಸುವನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನೋ ಅತ್ತು, ಕೊನೆಗೆ ತಾನು ಯಾರನ್ನು ಅಲ್ಲಗಳೆದನೋ ಆತನ ಎದುರಿಗೇ ಬಂದು ನಿಂತ.

ಹಳೆಯ ಬದುಕನ್ನು ಬಿಡುವುದು ಎಷ್ಟು ದೀರ್ಘ ಕೆಲಸ ಎಂಬುದಕ್ಕೆ ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್‌ಗಿಂತ ಮಿಗಿಲಾದ ನಿದರ್ಶನ ನನಗೆ ತಿಳಿದಿಲ್ಲ. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಮುಳುಗಲಿದ್ದ ಹಡಗಿನಲ್ಲಿ ಅವನು ದೇವರಿಗೆ ಮೊರೆಯಿಟ್ಟ. ನಮ್ಮ ಬೋಧನೆಗಳಲ್ಲಿ ಕಥೆ ಇಲ್ಲಿಗೆ ನಿಂತು, ಅಲ್ಲಿಂದ ನೇರವಾಗಿ ಅವನು ಮುಂದೆ ಬರೆದ 'ಅಮೇಜಿಂಗ್ ಗ್ರೇಸ್' ಭಕ್ತಿಗೀತೆಗೆ ಹಾರುತ್ತದೆ. ನಡುವಿನದ್ದನ್ನು ಯಾರೂ ಹೇಳುವುದಿಲ್ಲ. ಆ ಮೊರೆಯ ನಂತರವೂ ಅವನು ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ದುಡಿದ, ಅವುಗಳ ಕಪ್ತಾನನೂ ಆದ. ಕೆಳಗೆ ಮನುಷ್ಯರನ್ನು ಸಂಕೋಲೆಯಲ್ಲಿಟ್ಟುಕೊಂಡೇ ಮೇಲೆ ನಾವಿಕರನ್ನು ಸೇರಿಸಿ ಭಾನುವಾರದ ಆರಾಧನೆ ನಡೆಸಿದ. 1754ರಲ್ಲಿ ಅವನು ಕಡಲು ಬಿಟ್ಟದ್ದಕ್ಕೆ ಕಾರಣ ಮನಸ್ಸಾಕ್ಷಿಯಲ್ಲ, ಕೆಟ್ಟ ಆರೋಗ್ಯ. 1764ರಲ್ಲಿ ಪಾದ್ರಿಯಾದ. ಆ ವ್ಯಾಪಾರದ ಕ್ರೌರ್ಯವನ್ನು ಬಹಿರಂಗವಾಗಿ ಬಿಚ್ಚಿಟ್ಟ ಪುಸ್ತಿಕೆಯನ್ನು ಬರೆದದ್ದು 1788ರಲ್ಲಿ, ಬಿರುಗಾಳಿಯಾಗಿ ನಲವತ್ತು ವರ್ಷಗಳ ಮೇಲೆ. ತಾನು ಆ ದಂಧೆಯಲ್ಲಿ ಕೈಯಾಡಿಸಿದವನೆಂಬುದು ತನಗೆ ಎಂದೆಂದಿಗೂ ನಾಚಿಕೆಯ ವಿಷಯವೆಂದು ಅದರಲ್ಲಿ ಒಪ್ಪಿಕೊಂಡ. ಸರ್ಕಾರದ ವಿಚಾರಣೆಯ ಮುಂದೆ ಹೋಗಿ ಕಂಡದ್ದನ್ನು ನುಡಿದ. ಸಂಸದ ವಿಲ್ಬರ್‌ಫೋರ್ಸ್ ಆ ವ್ಯಾಪಾರದ ವಿರುದ್ಧ ನಡೆಸಿದ ಹೋರಾಟಕ್ಕೆ ಬೆಂಬಲವಾಗಿ ನಿಂತ. ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚ್‌ನಲ್ಲಿ, ನ್ಯೂಟನ್ ತೀರಿಕೊಂಡದ್ದು ಅದೇ ಡಿಸೆಂಬರ್‌ನಲ್ಲಿ. ಅವನ ಹಡಗುಗಳಲ್ಲಿ ಸಾಗಿಸಲ್ಪಟ್ಟವರಿಗೆ ಇದರಿಂದ ಏನೂ ಮರಳಿ ಸಿಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೂ ಅವನ ಹಳೆಯ ಬದುಕು ಯಾರಿಗಾದರೂ ಉಪಯೋಗಕ್ಕೆ ಬಂದಿದ್ದರೆ ಅದು ಮರೆತದ್ದರಿಂದಲ್ಲ, ತಡವಾಗಿಯಾದರೂ ನೆನಪು ಮಾಡಿಕೊಂಡು ವಿವರವಾಗಿ ಹೇಳಿದ್ದರಿಂದ.

ಕಥೋಲಿಕ ಸ್ನೇಹಿತರ ಪಾಪನಿವೇದನೆಯ (ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳುವ ವಿಧಿಯ) ಬಗ್ಗೆ ನಮ್ಮವರು ಲಘುವಾಗಿ ಮಾತಾಡುವುದುಂಟು. ಆದರೆ ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂದು ಅವರ ಧರ್ಮೋಪದೇಶ ಬಿಡಿಸಿಯೇ ಹೇಳುತ್ತದೆ. ಈ ಒಂದು ವಿಷಯದಲ್ಲಾದರೂ ಅವರಿಂದ ನಾವು ಕಲಿಯಬಹುದು.

ನನ್ನ ದೂರು ಆ ಸಹೋದರರ ಮೇಲೆ ಇರುವುದಕ್ಕಿಂತ ಹೆಚ್ಚಾಗಿ ನನ್ನಂಥ ಹಿರಿಯರ ಮೇಲೆ. ಸಾಕ್ಷಿ ಹೇಳಲು ಅವರಿಗೆ ಮೈಕು ಕೊಟ್ಟವರು ನಾವು; ಕೊಡುವ ಮುನ್ನ, ಯಾರಿಗಾದರೂ ಏನಾದರೂ ಬಾಕಿ ಇದೆಯೇ ಎಂದು ಖಾಸಗಿಯಾಗಿ ಒಂದು ಮಾತು ಕೇಳಬಹುದಿತ್ತು. ಕೊಡಲು ಕೈಲಾಗದಿದ್ದರೆ ಅದಕ್ಕೂ ದಾರಿಯಿದೆ. ಒನೇಸಿಮ ಎಂಬ ದಾಸನನ್ನು ಅವನ ಒಡೆಯ ಫಿಲೆಮೋನನ ಬಳಿಗೆ ಕಳಿಸುವಾಗ (ಹಾಗೆ ಕಳಿಸಿದ್ದು ಸರಿಯೇ ಎಂಬುದು ಬೇರೆಯೇ ಚರ್ಚೆ) ಪೌಲನು ಸೆರೆಯಲ್ಲಿದ್ದ. ಆದರೂ, ಇವನಿಂದ ನಿನಗೆ ನಷ್ಟವಾಗಿದ್ದರೆ, ಏನಾದರೂ ಬರಬೇಕಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಬರಹದಲ್ಲಿ ಬರೆದುಕೊಟ್ಟ. ಹೊಸಬನನ್ನು ಬರಮಾಡಿಕೊಳ್ಳುವ ಸಭೆ ಅವನ ಹಳೆಯ ಬಾಕಿಗೂ ಹೆಗಲು ಕೊಡಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಈ ತಪಸ್ಸುಕಾಲದ ಕಾಣಿಕೆಯಲ್ಲಿ ಒಂದು ಪಾಲನ್ನು ಇಂಥ ಬಾಕಿಗಳಿಗೆ ಮೀಸಲಿಡಬೇಕೆಂದು ನಮ್ಮ ಸಭಾ ಸಮಿತಿಗೆ ಬರೆದುಕೊಟ್ಟಿದ್ದೇನೆ. ಆ ಸಹೋದರರನ್ನೂ ಮತ್ತೊಮ್ಮೆ ಕಂಡು, ತಿಂಗಳಿಗೆ ಐನೂರು ರೂಪಾಯಿಯಂತೆ ಕೊಟ್ಟರೂ ಮೂರು ವರ್ಷಕ್ಕೆ ತೀರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ಅವರು ಆಗಲಿ ಎನ್ನಲಿಲ್ಲ, ಆಗದು ಎಂದೂ ಹೇಳಲಿಲ್ಲ. ಲೆಕ್ಕ ಬರೆದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಅವರ ಗುರುತು ಸಿಗಬಾರದೆಂಬ ಕಾರಣಕ್ಕೆ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಮಂಗಳೂರು