ಅಂಶವಿದೆ, ಛೇದವೆಲ್ಲಿ?

ಮಾನ್ಯರೇ,

2025ರ ಜೂನ್‌-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳನ್ನು ಪತ್ರಿಕೆಗಳೂ ಟಿ.ವಿ. ವಾಹಿನಿಗಳೂ ಕ್ರಿಕೆಟ್ ಸ್ಕೋರಿನಂತೆ ದಿನವೂ ಏರಿಸುತ್ತಾ ಹೋದವು. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಂದು ಜಿಲ್ಲೆಯೇ ನಡುಗಿತು. ಆ ಲೆಕ್ಕದಲ್ಲಿ ಸತ್ತವರೆಷ್ಟು ಎಂಬ ಅಂಶವಿತ್ತು, ಎಷ್ಟು ಜನರಲ್ಲಿ ಎಂಬ ಛೇದವಿರಲಿಲ್ಲ.

2011ರ ಜನಗಣತಿಯಂತೆ ಹಾಸನದ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರಕ್ಕೆ ಆರೇಳು ಸಾವು ಎಂದು ಹಿಡಿದರೂ ಎಲ್ಲ ಕಾರಣಗಳೂ ಸೇರಿ ನಲವತ್ತು ದಿನಕ್ಕೆ 1,200ರ ಆಸುಪಾಸು ಆಗುತ್ತದೆ. ಸತ್ತವರಲ್ಲಿ ಹಲವರು ಚಿಕ್ಕ ವಯಸ್ಸಿನವರಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಾಗಿದ್ದರೆ ಛೇದವೂ ಆ ವಯಸ್ಸಿನದೇ ಆಗಬೇಕು: ಜಿಲ್ಲೆಯಲ್ಲಿ 45 ವರ್ಷದೊಳಗಿನವರು ಎಷ್ಟು, ಹಿಂದಿನ ಮೂರು ವರ್ಷ ಇದೇ ತಿಂಗಳುಗಳಲ್ಲಿ ಅವರಲ್ಲಿ ಹೀಗೆ ಸತ್ತವರು ಎಷ್ಟು?

ಅದಕ್ಕೂ ಮೊದಲು ಯಾವುದನ್ನು ‘ಕೇಸ್’ ಎನ್ನಬೇಕೆಂದು ತೀರ್ಮಾನವಾಗಬೇಕು. ಮನೆಯಲ್ಲಾದ ಸಾವಿಗೆ ವೈದ್ಯರು ಕೊಡುವ ಮರಣ ಕಾರಣದ ಪ್ರಮಾಣಪತ್ರದಲ್ಲಿ (ನಮೂನೆ 4ಎ) ‘ಹೃದಯ ಸ್ತಂಭನ’ ಎಂದು ಬರೆದು ಕೈತೊಳೆದುಕೊಳ್ಳುವುದುಂಟು. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ? ಮರಣೋತ್ತರ ಪರೀಕ್ಷೆಯೋ ಹಳೆಯ ಇಸಿಜಿಯೋ ಇಲ್ಲದಿದ್ದರೆ ಅದು ಬರೀ ಊಹೆ. ಸುದ್ದಿ ಹಬ್ಬಿದ ಮೇಲೆ ಜನ ತಪಾಸಣೆಗೆ ಮುಗಿಬಿದ್ದರು. ಹುಡುಕುವುದು ಹೆಚ್ಚಿದಂತೆ ರೋಗಿಗಳ ಸಂಖ್ಯೆಯೂ ಹೆಚ್ಚುತ್ತದೆ, ರೋಗ ಹೆಚ್ಚದಿದ್ದರೂ.

ಕಾರಣ ಹುಡುಕಲು ಸತ್ತವರ ಪಟ್ಟಿಯೊಂದೇ ಸಾಲದು. ‘ಸತ್ತವರೆಲ್ಲ ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದರು’ ಎಂದರೆ ಬದುಕಿರುವ ನೆರೆಮನೆಯವರೂ ಹಾಕಿಸಿಕೊಂಡಿದ್ದಾರಲ್ಲ! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾಡಿದ್ದು ಇದೇ ಹೋಲಿಕೆ. 47 ಆಸ್ಪತ್ರೆಗಳ ಮೂಲಕ 18ರಿಂದ 45 ವರ್ಷದವರ 729 ಹಠಾತ್ ಸಾವುಗಳನ್ನು ಗುರುತಿಸಿ, ಒಂದೊಂದಕ್ಕೂ ಅದೇ ವಯಸ್ಸಿನ, ಅದೇ ಲಿಂಗದ, ಅದೇ ನೆರೆಹೊರೆಯ ನಾಲ್ವರಂತೆ 2,916 ಮಂದಿಯನ್ನು ಎದುರಿಟ್ಟು 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಕುಟುಂಬದಲ್ಲಿ ಹಠಾತ್ ಸಾವಿನ ಚರಿತ್ರೆ, ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚಿನ 48 ಗಂಟೆಯೊಳಗಿನ ವಿಪರೀತ ಕುಡಿತ ಸತ್ತವರಲ್ಲಿ ಹೆಚ್ಚಾಗಿ ಕಂಡವು.

ಇಂಥ ಕೇಸ್‌-ಕಂಟ್ರೋಲ್ ಅಧ್ಯಯನ ಬಹುಪಾಲು ಕೆಡುವುದು ಕಂಟ್ರೋಲ್, ಅಂದರೆ ಹೋಲಿಕೆಗೆ ಎದುರಿಡುವವರ ಆಯ್ಕೆಯಲ್ಲಿ. ಹೃದ್ರೋಗ ಆಸ್ಪತ್ರೆಯ ಹೊರರೋಗಿಗಳನ್ನೇ ಹೋಲಿಕೆಗೆ ಹಿಡಿದರೆ ಎರಡೂ ಕಡೆ ಬೀಡಿ-ಸಿಗರೇಟು ಸೇದುವವರೇ ತುಂಬಿ, ತಂಬಾಕು ನಿರಪರಾಧಿಯಾಗಿಬಿಡುತ್ತದೆ. ಸತ್ತವನ ಕುಡಿತದ ಬಗ್ಗೆ ಹೆಂಡತಿ ಹೇಳಿ, ಬದುಕಿರುವವನು ತನ್ನದನ್ನು ತಾನೇ ಹೇಳಿದರಂತೂ ತಕ್ಕಡಿಯೇ ಓರೆ. ಅದೇ ವರದಿಯಲ್ಲಿ ಎರಡು ಡೋಸ್ ಪಡೆದವರಲ್ಲಿ ಸಾವಿನ ಸಂಭವ ಕಡಿಮೆ ಕಂಡಿದೆ. ಅಷ್ಟಕ್ಕೇ ಲಸಿಕೆ ಹೃದಯ ಕಾಯಿತು ಎನ್ನುವಂತಿಲ್ಲ, ಆರೋಗ್ಯದ ಕಾಳಜಿ ಇರುವವರೇ ಎರಡನೇ ಡೋಸಿಗೂ ಹೋಗಿರುತ್ತಾರೆ.

ಮುಂದಿನ ಸಲ ‘ಇವತ್ತಿಗೆ ಎಷ್ಟಾಯಿತು ಸಾರ್’ ಎಂದು ಜಿಲ್ಲಾ ಆರೋಗ್ಯಾಧಿಕಾರಿಗೆ ಫೋನ್ ಮಾಡುವಾಗ, ಹೋದ ವರ್ಷ ಇದೇ ತಿಂಗಳ ಸಂಖ್ಯೆಯನ್ನೂ ನಿಮ್ಮ ವರದಿಗಾರರು ಕೇಳಿ ಬರೆದುಕೊಳ್ಳಲಿ. ಎರಡನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕಿ.

— ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕರೊಬ್ಬರು, ಮೈಸೂರು