ಗೇಮ್ ಡಬ್ಬಿಗಳ ಮೇಲಿನ ರಿಯಾಯಿತಿ ಚೀಟಿ

ಮಾನ್ಯ ಸಂಪಾದಕರೇ,

ಹಾಸನಾಂಬೆ ದರ್ಶನ, ದೀಪಾವಳಿ ಎಂದು ಹಾಸನದ ಪೇಟೆಯಲ್ಲಿ ಜನ ತುಂಬುವ ದಿನಗಳಲ್ಲಿ ವಿಡಿಯೊ ಗೇಮ್ ಡಬ್ಬಿಗಳ ಮೇಲೂ ‘ಶೇ 60 ರಿಯಾಯಿತಿ’ ಚೀಟಿ ಕಾಣಿಸುತ್ತದೆ. ರಿಯಾಯಿತಿಗೆ ಯಾರ ತಕರಾರೂ ಇಲ್ಲ. ಚೀಟಿಯನ್ನು ಎಲ್ಲಿ ಅಂಟಿಸಿದ್ದಾರೆ ಎಂಬುದಕ್ಕೆ ಮಾತ್ರ ಇದೆ.

ಪೊಟ್ಟಣ ಸರಕುಗಳ 2011ರ ನಿಯಮಗಳ ಪ್ರಕಾರ ಇಳಿಸಿದ ಬೆಲೆಯ ಚೀಟಿ ಅಂಟಿಸಬಹುದು. ಆದರೆ ತಯಾರಕರು ಇಲ್ಲವೇ ಆಮದುದಾರರು ಮುದ್ರಿಸಿದ ಎಂಆರ್‌ಪಿಯನ್ನು ಮುಚ್ಚುವಂತಿಲ್ಲ, ಅಳಿಸುವಂತಿಲ್ಲ. ಅದು ಮುಚ್ಚಿಹೋದರೆ ‘4,999ರ ಗೇಮ್ 1,999ಕ್ಕೆ’ ಎಂಬುದರ ಮೊದಲ ಅಂಕಿ ಕಂಪನಿಯದೋ ಅಂಗಡಿಯವರದೋ ಗೊತ್ತಾಗುವುದಿಲ್ಲ. ಬಿಡುಗಡೆಯಾಗಿ ಕೆಲವು ತಿಂಗಳಾದ ಗೇಮ್‌ನ ಬೆಲೆಯನ್ನು ಕಂಪನಿಯೇ ಇಳಿಸುವುದುಂಟು. ಕ್ರೀಡಾ ಗೇಮ್‌ಗಳಲ್ಲಂತೂ ಮುಂದಿನ ವರ್ಷದ ಆವೃತ್ತಿ ಬಂದ ಕೂಡಲೇ ಹಳೆಯದಕ್ಕೆ ಕಿಮ್ಮತ್ತಿಲ್ಲ. ಅದನ್ನು ಮೊದಲ ದಿನದ ಬೆಲೆಗೆ ಹೋಲಿಸಿ ‘ಉಳಿತಾಯ’ ಲೆಕ್ಕ ಹಾಕುವುದು ಜಾಣತನವಲ್ಲ, ಕಣ್ಕಟ್ಟು.

ಇನ್ನೂ ದೊಡ್ಡ ತೊಂದರೆ ಡಬ್ಬಿಯ ಅಂಚಿನ ಸಣ್ಣಕ್ಷರದಲ್ಲಿದೆ. ‘ಡಿಸ್ಕ್ ಇಲ್ಲ’, ‘ಡೌನ್‌ಲೋಡ್ ಅಗತ್ಯ’ ಎಂಬ ಸಾಲಿನ ಮೇಲೆ ಚೀಟಿ ಕೂತರೆ, ಕೊಂಡವರ ಕೈಗೆ ಬರುವುದು ಗೇಮ್ ಇಳಿಸಿಕೊಳ್ಳುವ ಕೋಡ್ ಬರೆದ ಕಾಗದ ಮಾತ್ರ. ಆ ಕೋಡ್ ಒಂದೇ ಖಾತೆಗೆ, ಒಂದೇ ಸಲ. ಬಳಸಿದ ಮೇಲೆ ಮರುಮಾರಾಟವೂ ಇಲ್ಲ. ಸಕಲೇಶಪುರದ ತೋಟದ ಮನೆಯಲ್ಲಿ ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್ ನಂಬಿಕೊಂಡವರಿಗೆ 60 ಜಿಬಿ ಗೇಮ್ ಇಳಿಸಲು 40 ದಿನ ಬೇಕು, ಅದೂ ನೆಟ್‌ವರ್ಕ್ ಕೈಕೊಡದಿದ್ದರೆ.

ಡಿಸ್ಕ್ ಇದ್ದರೂ ನಿಶ್ಚಿಂತೆಯಿಲ್ಲ. ಅದು ಯಾವ ಕನ್ಸೋಲ್‌ಗೆ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ, ಎಂಬುದನ್ನೂ ನೋಡಬೇಕು. ನೀಲಿ ಪಟ್ಟಿಯ ಪಿಎಸ್4 (ಪ್ಲೇಸ್ಟೇಷನ್ 4) ಡಿಸ್ಕ್‌ಗಳು ಬಹುತೇಕ ಪಿಎಸ್5ರಲ್ಲಿ ಓಡುತ್ತವೆ. ಬಿಳಿ ಪಟ್ಟಿಯ ಪಿಎಸ್5 ಡಿಸ್ಕ್ ಪಿಎಸ್4ರಲ್ಲಿ ಓಡುವುದಿಲ್ಲ. ಪಿಎಸ್5 ಡಿಜಿಟಲ್ ಎಡಿಷನ್, ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಆಡಲು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್ ಬೇಡುವ ಗೇಮ್ ಆದರೆ ಸರ್ವರ್ ಇನ್ನೂ ಇದೆಯೇ ಎಂದು ಮೊದಲು ನೋಡಬೇಕು: ಯೂಬಿಸಾಫ್ಟ್‌ನ 2014ರ ‘ದಿ ಕ್ರೂ’ ಗೇಮ್‌ನ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು. ಅದರ ಡಿಸ್ಕ್ ಈಗ ನೂರು ರೂಪಾಯಿಗೆ ಸಿಕ್ಕರೂ ದುಬಾರಿಯೇ. ‘ಸೀಲ್ಡ್’ ಎಂಬ ಮಾತನ್ನೂ ಪೂರ್ತಿ ನಂಬಬೇಡಿ, ಪ್ಲಾಸ್ಟಿಕ್ ಹೊದಿಕೆಯನ್ನು ಬಿಸಿಗಾಳಿಯಲ್ಲಿ ಮತ್ತೆ ಹಾಕಬಹುದು. ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಡಿಸ್ಕ್‌ನಲ್ಲಿ ಗೀರು ಇದ್ದರೆ, ಬೋನಸ್ ಕೋಡ್ ಆಗಲೇ ಬಳಕೆಯಾಗಿದ್ದರೆ ಅದು ಸೆಕೆಂಡ್ ಹ್ಯಾಂಡ್ ಮಾಲು ಇರಬಹುದು.

‘4ಕೆ, 10,000 ಗೇಮ್’ ಎಂಬ, ಟಿವಿಗೆ ಸಿಕ್ಕಿಸಿ ಆಡುವ ಅಗ್ಗದ ಸ್ಟಿಕ್‌ಗಳದು ಬೇರೆಯೇ ಕಥೆ. ಒಳಗಿರುವುದು ಮುಖ್ಯವಾಗಿ ದಶಕಗಳ ಹಿಂದಿನ ಗೇಮ್‌ಗಳು, ಅದರಲ್ಲೂ ಹಲವು ಹೆಸರು ಬದಲಿಸಿ ಮತ್ತೆ ಎಣಿಸಿದವು. ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ ಡಬ್ಬಿಯ ಮೇಲಿಲ್ಲದಿದ್ದರೆ ಕೊಳ್ಳದಿರುವುದೇ ಲೇಸು.

ಕಾನೂನು ಮಾಪನಶಾಸ್ತ್ರ ಇಲಾಖೆಯವರು ತಕ್ಕಡಿ, ಸಿಹಿ ಡಬ್ಬಿಗಳ ಜೊತೆಗೆ ಈ ಕಪಾಟನ್ನೂ ಒಮ್ಮೆ ತಪಾಸಣೆ ಮಾಡಲಿ. ಮೋಸ ಹೋದವರು ಚೀಟಿ ಕೀಳದೆ ಡಬ್ಬಿಯ ಆರೂ ಬದಿಯ ಫೋಟೊ ತೆಗೆದಿಡಬೇಕು. ಬಿಲ್‌ನಲ್ಲಿ ‘ಆಕ್ಸೆಸರೀಸ್’ ಎಂದು ಬರೆಸಿಕೊಳ್ಳದೆ ಗೇಮ್‌ನ ಹೆಸರು, ಯಾವ ಕನ್ಸೋಲ್‌ನದು, ಡಿಸ್ಕೋ ಕೋಡೋ ಎಂಬುದನ್ನು ಬರೆಸಬೇಕು. ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ದೋಷವಿರುವ ಸರಕಿನ ಹೊಣೆ ಅಂಗಡಿಗೆ ತಪ್ಪದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

– ಗೇಮಿಂಗ್ ಆಸಕ್ತರು, ಹಾಸನ